ಟೋಂಗಾ, ಮೊರೆಯಾ, ಸಿಲ್ವರ್ ಬ್ಯಾಂಕ್, ಆಸ್ಟ್ರೇಲಿಯಾ: ತಿಮಿಂಗಿಲಗಳ ಜೊತೆ ನೀರಿಗಿಳಿಯಲು ಬೆಂಗಳೂರಿನಿಂದ ಎಲ್ಲಿಗೆ ಹೋಗಬೇಕು?

ಹಂಪ್‌ಬ್ಯಾಕ್ ತಿಮಿಂಗಿಲಗಳ ಜೊತೆ ಈಜಿ ಚಿತ್ರ ತೆಗೆಯುವ ಪ್ರವಾಸದ ಬಗ್ಗೆ ವಿಚಾರಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು, ‘ಎಲ್ಲಿ ಹೆಚ್ಚು ತಿಮಿಂಗಿಲ ಸಿಗುತ್ತವೆ?’ ಎಂದು. ಈ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಹೆಸರಾದ ತಾಣಗಳಲ್ಲೆಲ್ಲ ಋತುವಿನಲ್ಲಿ ತಿಮಿಂಗಿಲ ಇದ್ದೇ ಇರುತ್ತದೆ. ಒಂದು ದಿನಕ್ಕೆ ನೀರಿನಲ್ಲಿ ಎಷ್ಟು ಹೊತ್ತು ಸಿಗುತ್ತದೆ, ಆ ಹೊತ್ತಿನಲ್ಲಿ ಪಕ್ಕದಲ್ಲಿ ಎಷ್ಟು ಜನ ಕಾಲು ಬಡಿಯುತ್ತಿರುತ್ತಾರೆ, ಉಸಿರು ಕಟ್ಟಿ ಕೆಳಗೆ ಹೋಗಲು ಅಲ್ಲಿಯ ನಿಯಮ ಬಿಡುತ್ತದೆಯೇ ಎಂದು ಕೇಳಿದರೆ ಮಾತ್ರ ತಾಣಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕೊಡುವ ದುಡ್ಡಿನ ಬೆಲೆಯೂ ಆಗ ಗೊತ್ತಾಗುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಕರಾವಳಿಯಲ್ಲಿ ಇಲ್ಲವೇ ಎಂದು ಕೇಳುವವರಿದ್ದಾರೆ. ಇವೆ. ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್‌ಗಳು ಜಗತ್ತಿನ ಬೇರೆ ಹಂಪ್‌ಬ್ಯಾಕ್‌ಗಳಂತೆ ಧ್ರುವದ ಕಡೆಗೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಉಳಿಯುತ್ತವೆ. ಒಮಾನ್ ತೀರದಲ್ಲಿ ಉಪಗ್ರಹ ಟ್ಯಾಗ್ ಹಾಕಿದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ 2017ರ ಕೊನೆಯಲ್ಲಿ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬಂದಿತ್ತು. ಆದರೆ ಒಮಾನ್ ಕಡೆ ಉಳಿದಿರುವುದು ನೂರಕ್ಕೂ ಕಡಿಮೆ ಎಂದು ಅಂದಾಜು. ನಮ್ಮಲ್ಲಿ ತಿಮಿಂಗಿಲಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಇದೆ. ಮುರುಡೇಶ್ವರದಿಂದ ದೋಣಿ ಮಾಡಿಕೊಂಡು ಹುಡುಕಲು ಹೊರಡುವ ಆಸೆ ಇದ್ದರೆ ಕೈಬಿಡಿ. ಇಷ್ಟು ವಿರಳವಾದ ಪ್ರಾಣಿಯ ಹಿಂದೆ ದೋಣಿ ಓಡಿಸುವುದು ಸರಿಯೂ ಅಲ್ಲ, ಸಿಗುವುದೂ ಇಲ್ಲ. ಶ್ರೀಲಂಕಾದ ಮಿರಿಸ್ಸ ಹತ್ತಿರವೇ ಇದೆ, ನಿಜ. ಆದರೆ ಅದು ನೀಲಿ ತಿಮಿಂಗಿಲಗಳನ್ನು ದೋಣಿಯ ಮೇಲಿನಿಂದ ನೋಡುವ ಜಾಗ.

ಟೋಂಗಾ

ದಕ್ಷಿಣ ಗೋಳಾರ್ಧದ ಹಂಪ್‌ಬ್ಯಾಕ್‌ಗಳು ಅಂಟಾರ್ಕ್ಟಿಕ ಸಮುದ್ರದಲ್ಲಿ ಹೊಟ್ಟೆ ತುಂಬಿಸಿಕೊಂಡು, ಹೆರಿಗೆಗೂ ಜೋಡಿಯಾಗುವುದಕ್ಕೂ ಬೆಚ್ಚಗಿನ ನೀರಿಗೆ ಬರುತ್ತವೆ. ದಕ್ಷಿಣ ಪೆಸಿಫಿಕ್‌ನ ದ್ವೀಪರಾಷ್ಟ್ರವಾದ ಟೋಂಗಾದಲ್ಲಿ ಅವು ಸಿಗುವುದು ಜುಲೈಯಿಂದ ಅಕ್ಟೋಬರ್‌ವರೆಗೆ. ಒಂದು ಕಾಲದಲ್ಲಿ ಇಲ್ಲಿಯವರೂ ತಿಮಿಂಗಿಲ ಬೇಟೆಯಾಡುತ್ತಿದ್ದರು. 1978ರಲ್ಲಿ ರಾಜ ನಾಲ್ಕನೆಯ ತೌಫಾಹೌ ಟುಪೌ ಅದನ್ನು ನಿಲ್ಲಿಸಿದ. ಇಂದು ವವಾವು ದ್ವೀಪಗಳ ಅರ್ಧ ವರ್ಷದ ವ್ಯಾಪಾರ ತಿಮಿಂಗಿಲಗಳ ಸುತ್ತಲೇ ನಡೆಯುತ್ತದೆ.

ಟೋಂಗಾದ ನಿಯಮ ಓದಲು ಒಂದೇ ಸಾಲಿನದು, ಪರಿಣಾಮ ದೊಡ್ಡದು: ಒಂದು ಹೊತ್ತಿಗೆ ನೀರಿನಲ್ಲಿ ನಾಲ್ವರು ಈಜುಗಾರರು, ಜೊತೆಗೆ ಒಬ್ಬ ಮಾರ್ಗದರ್ಶಿ. ಸ್ಕೂಬಾ ಸಿಲಿಂಡರ್ ನಿಷಿದ್ಧ. ಎಂಟು ಪ್ರವಾಸಿಗರನ್ನು ಕೂರಿಸಿಕೊಂಡ ದೋಣಿಯಲ್ಲಿ ನೀವು ಅರ್ಧ ಸಮಯ ಒದ್ದೆ ವೆಟ್‌ಸೂಟ್‌ನಲ್ಲಿ ನಡುಗುತ್ತ, ಇನ್ನೊಂದು ತಂಡ ಮೇಲೆ ಬರುವುದನ್ನೇ ಕಾಯುತ್ತೀರಿ. ನಿಮ್ಮ ಸರದಿ ಬರುವ ಹೊತ್ತಿಗೆ ತಾಯಿ ಮರಿಯನ್ನು ಕರೆದುಕೊಂಡು ಹೊರಟಿರುತ್ತದೆ. ನಾಲ್ವರ ದೋಣಿ ದುಬಾರಿ ಎಂದು ತೋರಿದರೂ ನೀರಿನಲ್ಲಿ ಸಿಗುವ ಗಂಟೆಗೆ ಭಾಗಿಸಿ ನೋಡಿದರೆ ಹಲವು ಸಲ ಅದೇ ಅಗ್ಗ. ‘ಸಣ್ಣ ಗುಂಪು’ ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ಹತ್ತು ಜನರೂ ಸಣ್ಣ ಗುಂಪೇ. ಆದ್ದರಿಂದ ಗುಂಪಿನಲ್ಲಿ ಒಟ್ಟು ಎಷ್ಟು ಜನ ಎಂಬುದನ್ನು ಬಿಟ್ಟು, ಒಂದು ದೋಣಿಗೆ ಎಷ್ಟು ಜನ, ಸರದಿ ಹೇಗೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಫೋಟೊ ಪ್ರವಾಸದ ಮುಖ್ಯಸ್ಥನೂ ಕ್ಯಾಮೆರಾ ಹಿಡಿದು ನೀರಿಗಿಳಿಯುತ್ತಾನೆಯೇ, ಇಳಿದರೆ ಆ ನಾಲ್ಕು ಸ್ಥಾನಗಳಲ್ಲಿ ಒಂದು ಅವನದೇ ಎಂಬುದನ್ನೂ ವಿಚಾರಿಸಿ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಆಯೋಜಕನಿಂದ ದೂರ ಇರುವುದು ಒಳ್ಳೆಯದು.

ಟೋಂಗಾದೊಳಗೇ ಆಯ್ಕೆ ಮಾಡಬೇಕಾದ ಮೂರು ಜಾಗಗಳಿವೆ. ವವಾವು ಹಲವು ಪುಟ್ಟ ದ್ವೀಪಗಳ ಗೊಂಚಲು. ಗಾಳಿ ಜೋರಾದರೂ ಯಾವುದಾದರೊಂದು ದ್ವೀಪದ ಮರೆ ಸಿಗುತ್ತದೆ. ಸಮುದ್ರ ಕಾಯಿಲೆ ಇರುವವರಿಗೆ, ಮೊದಲ ಸಲ ಹೋಗುವವರಿಗೆ ಇದೇ ಸರಿ. ಆದರೆ ದೋಣಿಗಳೂ ಇಲ್ಲೇ ಹೆಚ್ಚು. ಒಂದು ತಿಮಿಂಗಿಲದ ಬಳಿ ಒಂದು ದೋಣಿ ಇದ್ದಾಗ ಉಳಿದವು ದೂರದಲ್ಲಿ ಸಾಲು ಹಿಡಿದು ಕಾಯುವ ದೃಶ್ಯ ಆಗಸ್ಟ್‌ನಲ್ಲಿ ಸಾಮಾನ್ಯ. ಹಾಪೈ ದ್ವೀಪಗಳು ತಗ್ಗು, ಮರಳು, ಬಯಲು ಸಮುದ್ರ. ದೋಣಿಗಳು ಕಡಿಮೆ, ಅಲೆ ಹೆಚ್ಚು, ವಸತಿಯ ಆಯ್ಕೆಯೂ ಕಡಿಮೆ. ಏವಾ ದ್ವೀಪ ರಾಜಧಾನಿ ಇರುವ ಟೋಂಗಟಾಪುವಿಗೆ ಅಂಟಿಕೊಂಡಂತಿದೆ, ವಿಮಾನದಲ್ಲಿ ಹತ್ತು ನಿಮಿಷವೂ ಹಿಡಿಯುವುದಿಲ್ಲ. ತೀರ ಬಿಟ್ಟ ಕೂಡಲೇ ನೀರು ಆಳ. ಉಸಿರು ಕಟ್ಟುವುದರಲ್ಲಿ ಪಳಗಿದವರಿಗೆ, ಜನಜಂಗುಳಿ ಬೇಡದವರಿಗೆ ನಾನು ಏವಾ ಅಥವಾ ಹಾಪೈ ಹೇಳುತ್ತೇನೆ; ಉಳಿದ ಎಲ್ಲರಿಗೂ ವವಾವು.

ಭಾನುವಾರ ಟೋಂಗಾದಲ್ಲಿ ಎಲ್ಲವೂ ನಿಲ್ಲುತ್ತದೆ. ದೋಣಿ ಹೊರಡುವುದಿಲ್ಲ, ಅಂಗಡಿ ತೆರೆಯುವುದಿಲ್ಲ. ‘ಏಳು ದಿನದ ಪ್ರವಾಸ’ ಎಂದಿದ್ದರೆ ಅದರಲ್ಲಿ ನೀರಿನ ದಿನಗಳು ಎಷ್ಟು ಎಂದು ಎಣಿಸಿಕೊಳ್ಳಿ.

ಮೊರೆಯಾ ಮತ್ತು ರುರುಟು

ಈ ಎರಡೂ ದ್ವೀಪಗಳಿರುವ, ಫ್ರಾನ್ಸ್ ಆಡಳಿತದ ಫ್ರೆಂಚ್ ಪಾಲಿನೇಷ್ಯದ ಇಡೀ ಸಮುದ್ರ 2002ರಿಂದ ಸಮುದ್ರ ಸಸ್ತನಿಗಳ ಅಭಯಧಾಮ. ಋತು ಟೋಂಗಾದ್ದೇ, ಸ್ವಲ್ಪ ತಡವಾಗಿ ಏರುತ್ತದೆ. ಅಲ್ಲಿಯ ಮುಖ್ಯ ದ್ವೀಪ ಟಹೀಟಿಯಿಂದ ದೋಣಿಯಲ್ಲೇ ಮೊರೆಯಾ ತಲುಪಬಹುದು. ಹೋಟೆಲು, ಆಸ್ಪತ್ರೆ, ರಸ್ತೆ ಎಲ್ಲವೂ ಟೋಂಗಾಕ್ಕಿಂತ ಮೇಲು. ಜೊತೆಗೆ ಬರುವ ಗಂಡನಿಗೋ ಹೆಂಡತಿಗೋ ತಿಮಿಂಗಿಲದಲ್ಲಿ ಅಂಥ ಆಸಕ್ತಿ ಇಲ್ಲದಿದ್ದರೆ ಜಗಳ ತಪ್ಪಿಸುವ ಜಾಗ ಇದು. ಆದರೆ ದಟ್ಟಣೆ ವಿಪರೀತವಾಗಿ, ದೂರ, ಸಮಯ, ದೋಣಿಗಳ ಸಂಖ್ಯೆಗಳ ನಿಯಮವನ್ನು ಆಡಳಿತ ಬಿಗಿ ಮಾಡುತ್ತ ಬಂದಿದೆ. ಹಳೆಯ ಪ್ರವಾಸಿಗರ ಚಿತ್ರಗಳನ್ನು ನೋಡಿ ಅಷ್ಟೇ ಹತ್ತಿರ ಹೋಗಬಹುದು ಎಂದುಕೊಂಡು ದುಡ್ಡು ಕಟ್ಟಬೇಡಿ. ಆ ವರ್ಷದ ನಿಯಮವನ್ನು ಕೇಳಿ ತಿಳಿದುಕೊಳ್ಳಿ. ದಕ್ಷಿಣಕ್ಕಿರುವ ರುರುಟು ಚಿಕ್ಕ ದ್ವೀಪ, ನೀರು ಬಹಳ ತಿಳಿ, ಜನ ಕಡಿಮೆ. ಗಾಳಿ ಕೈಕೊಟ್ಟರೆ ದಿನಗಟ್ಟಲೆ ಕೋಣೆಯಲ್ಲಿ ಕೂರುವ ತಾಳ್ಮೆ ಇದ್ದವರಿಗೆ ಅದು ಸಲ್ಲುತ್ತದೆ.

ಗಂಡು ಹಂಪ್‌ಬ್ಯಾಕ್‌ಗಳು ಮಾತ್ರ ಹಾಡುತ್ತವೆ. ದಕ್ಷಿಣ ಪೆಸಿಫಿಕ್‌ನಲ್ಲಿ ಹೊಸ ಹಾಡು ಆಸ್ಟ್ರೇಲಿಯಾದ ಪೂರ್ವ ತೀರದ ಕಡೆಯಿಂದ ಹೊರಟು ದ್ವೀಪದಿಂದ ದ್ವೀಪಕ್ಕೆ ಪೂರ್ವದತ್ತ ಹಬ್ಬುತ್ತ, ಕೆಲವು ವರ್ಷಗಳಲ್ಲಿ ಫ್ರೆಂಚ್ ಪಾಲಿನೇಷ್ಯ ಮುಟ್ಟುತ್ತದೆ ಎಂದು ವಿಜ್ಞಾನಿಗಳು ಧ್ವನಿಮುದ್ರಣಗಳಿಂದ ತೋರಿಸಿದ್ದಾರೆ. ಟೋಂಗಾದಲ್ಲಿ ಕೇಳಿದ ಹಾಡನ್ನು ಮುಂದೊಂದು ವರ್ಷ ಮೊರೆಯಾದಲ್ಲಿ ಕೇಳಲು ಹೋಗುವ ಹುಚ್ಚು ಯಾರಿಗಾದರೂ ಹಿಡಿದರೆ ನನಗೆ ಆಶ್ಚರ್ಯವಾಗುವುದಿಲ್ಲ. ಹಾಡುವ ಗಂಡು ತಲೆ ಕೆಳಗೆ ಮಾಡಿ ಆಳದಲ್ಲಿ ನಿಶ್ಚಲವಾಗಿ ನಿಂತಿರುತ್ತದೆ. ಅದರ ಸದ್ದು ಕಿವಿಗಿಂತ ಎದೆಗೂಡಿಗೆ ಮೊದಲು ತಾಗುತ್ತದೆ. ಉಸಿರು ಕಟ್ಟಿ ಇಳಿಯಬಲ್ಲವರಿಗೆ ನಿಜವಾಗಿ ಉಪಯೋಗ ಸಿಗುವುದು ಇಂಥ ಸಂದರ್ಭದಲ್ಲೇ.

ಸಿಲ್ವರ್ ಬ್ಯಾಂಕ್

ಡೊಮಿನಿಕನ್ ಗಣರಾಜ್ಯದ ಉತ್ತರಕ್ಕಿರುವ ಈ ಹವಳದಿಬ್ಬದಲ್ಲಿ ಉತ್ತರ ಅಟ್ಲಾಂಟಿಕ್‌ನ ಹಂಪ್‌ಬ್ಯಾಕ್‌ಗಳು ಜನವರಿಯಿಂದ ಏಪ್ರಿಲ್‌ವರೆಗೆ ಸೇರುತ್ತವೆ. 1986ರಿಂದ ಇದು ಅಭಯಧಾಮ. ಪರವಾನಗಿ ಇರುವ ಹಡಗುಗಳು ಬೆರಳೆಣಿಕೆಯವು. ಒಂದು ವಾರ ಹಡಗಿನಲ್ಲೇ ವಾಸ, ಅಲ್ಲಿಂದ ಸಣ್ಣ ದೋಣಿಗಳಲ್ಲಿ ಸುತ್ತಾಟ. ಪದ್ಧತಿ ಶಾಂತವಾದದ್ದು: ಮಲಗಿರುವ ತಿಮಿಂಗಿಲ ಸಿಕ್ಕಾಗ ಮೆಲ್ಲಗೆ ನೀರಿಗಿಳಿದು ಮೇಲ್ಮೈಯಲ್ಲಿ ತೇಲುವುದು, ಅಷ್ಟೇ. ಕೆಳಗೆ ಹೋಗುವ ಆಸೆಯವರಿಗೆ ಇದು ನಿರಾಸೆ. ಈಜು ಬಲ್ಲ, ಐವತ್ತು ದಾಟಿದ, ಫ್ರೀಡೈವಿಂಗ್‌ನ (ಸಿಲಿಂಡರ್ ಇಲ್ಲದೆ ಉಸಿರು ಕಟ್ಟಿ ಆಳಕ್ಕಿಳಿಯುವುದರ) ಗೊಡವೆ ಬೇಡವೆನ್ನುವವರಿಗೆ ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಇಡೀ ವಾರ ದಡಕ್ಕೆ ಮರಳುವ ಧಾವಂತವಿಲ್ಲದೆ ತಿಮಿಂಗಿಲಗಳ ನಡುವೆಯೇ ಇರುತ್ತೀರಿ. ವಾರದ ಖರ್ಚು ಮಾತ್ರ ಭಾರಿ, ಬೆಂಗಳೂರಿನಿಂದ ದಾರಿಯೂ ಬಲು ದೂರ. ಅಮೆರಿಕದ ವೀಸಾ ಈಗಾಗಲೇ ಪಾಸ್‌ಪೋರ್ಟಿನಲ್ಲಿ ಇರುವವರಿಗೆ ಇದು ಹಠಾತ್ತನೆ ಸುಲಭವಾಗುತ್ತದೆ: ಚಾಲ್ತಿಯ ಅಮೆರಿಕ, ಕೆನಡಾ, ಬ್ರಿಟನ್ ಅಥವಾ ಷೆಂಗೆನ್ ವೀಸಾ ಇದ್ದರೆ ಡೊಮಿನಿಕನ್ ಗಣರಾಜ್ಯಕ್ಕೆ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಮಗಳು ನ್ಯೂಜೆರ್ಸಿಯಲ್ಲಿದ್ದು ಹೇಗೂ ಚಳಿಗಾಲದಲ್ಲಿ ಹೋಗುವ ತಂದೆ-ತಾಯಂದಿರು ಇದನ್ನು ಗಮನಿಸಬಹುದು.

ಆಸ್ಟ್ರೇಲಿಯಾ

ಹೋಗಿಬರಲು ಎಲ್ಲಕ್ಕಿಂತ ಸುಲಭ. ಬೆಂಗಳೂರಿನಿಂದ ಸಿಡ್ನಿಗೆ 2022ರಿಂದ ನೇರ ವಿಮಾನ ಇದೆ. ಅಲ್ಲಿಂದ ಕ್ವೀನ್ಸ್‌ಲ್ಯಾಂಡಿನ ಹರ್ವಿ ಬೇ ಅಥವಾ ಮೂಲೂಲಾಬಾ. ಪಶ್ಚಿಮದ ನಿಂಗಲೂಗೆ ಹೋಗಬೇಕಾದರೆ ಸಿಂಗಪುರ, ಪರ್ತ್ ಮೂಲಕ. ಕ್ವೀನ್ಸ್‌ಲ್ಯಾಂಡಿನಲ್ಲಿ ದೋಣಿಗೆ ಕಟ್ಟಿದ ಹಗ್ಗ ಹಿಡಿದು ತೇಲುವ ಪದ್ಧತಿ. ತಿಮಿಂಗಿಲಕ್ಕೆ ಮನಸ್ಸಾದರೆ ಅದೇ ಬರುತ್ತದೆ. ನಿಂಗಲೂದಲ್ಲಿ ಮಾರ್ಗದರ್ಶಿಯ ಹಿಂದೆ ಈಜಬೇಕು. ಎರಡೂ ಕಡೆ ಗುಂಪು ದೊಡ್ಡದು, ಮೇಲ್ಮೈಯಲ್ಲೇ ಇರಬೇಕು. 2020ರ ಆಗಸ್ಟ್‌ನಲ್ಲಿ ನಿಂಗಲೂದಲ್ಲಿ ಈಜುತ್ತಿದ್ದ ಮಹಿಳೆಯೊಬ್ಬರು ಹಂಪ್‌ಬ್ಯಾಕ್‌ನ ಹೊಡೆತಕ್ಕೆ ಸಿಕ್ಕಿ ತೀವ್ರವಾಗಿ ಗಾಯಗೊಂಡರು. ಬೆಳೆದ ಹಂಪ್‌ಬ್ಯಾಕ್ 12ರಿಂದ 16 ಮೀಟರ್ ಉದ್ದ, 25ರಿಂದ 30 ಟನ್ ತೂಕ. ನಮ್ಮ ಬಿಎಂಟಿಸಿ ಬಸ್ಸಿಗಿಂತ ಉದ್ದದ ದೇಹವೊಂದು ಸುಮ್ಮನೆ ಮಗ್ಗುಲು ಬದಲಿಸಿದರೂ ಬಾಲದ ಹತ್ತಿರ ಇದ್ದವನ ಗತಿ ಏನೆಂದು ಊಹಿಸಿಕೊಳ್ಳಿ. ಅಪಾಯ ಎಲ್ಲ ತಾಣಗಳಲ್ಲೂ ಒಂದೇ. ಬಾಲದ ಕಡೆ ಹೋಗಬಾರದು, ತಾಯಿ ಮತ್ತು ಮರಿಯ ನಡುವೆ ಬರಲೇಬಾರದು, ಗಂಡುಗಳು ಒಂದು ಹೆಣ್ಣಿನ ಹಿಂದೆ ಓಡುವ ಗಲಾಟೆಯಲ್ಲಿ ಇಳಿಯುವ ಹುಕಿ ಬೇಡ.

ಬಜೆಟ್ ಚಿಕ್ಕದಿದ್ದು, ಕುಟುಂಬ ಜೊತೆಗಿದ್ದು, ಒಂದು ದಿನ ಮಾತ್ರ ತಿಮಿಂಗಿಲಕ್ಕೆ ಮೀಸಲಿಡಬಲ್ಲವರಿಗೆ ಆಸ್ಟ್ರೇಲಿಯಾ. ಚಿತ್ರಕ್ಕಾಗಿಯೇ ಹೋಗುವವರಿಗೆ ಅಲ್ಲ.

ಫ್ರೀಡೈವಿಂಗ್ ಎಷ್ಟು ಬೇಕು?

ಜಾಹೀರಾತುಗಳು ಹೇಳುವುದಕ್ಕಿಂತ ಬಹಳ ಕಡಿಮೆ. ಹೆಸರಾದ ತಿಮಿಂಗಿಲ ಚಿತ್ರಗಳಲ್ಲಿ ಬಹುಪಾಲು ಮೇಲ್ಮೈಯಿಂದ ಅಥವಾ ಐದಾರು ಮೀಟರ್ ಒಳಗೆ ತೆಗೆದವು. ಬೆಳಕು ಅಲ್ಲಿದೆ, ಮರಿ ಬರುವುದೂ ಅಲ್ಲಿಗೇ. ಮಲಗಿದ ತಾಯಿ ಹತ್ತಿಪ್ಪತ್ತು ನಿಮಿಷ ಕೆಳಗೇ ಉಳಿದರೂ ಮರಿ ಕೆಲವೇ ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರಬೇಕು. ಆ ಹೊತ್ತಿನಲ್ಲಿ ಅಲುಗಾಡದೆ ತೇಲುತ್ತಿದ್ದವನನ್ನು ನೋಡಲು ಅದೇ ಹತ್ತಿರ ಬರುತ್ತದೆ. ಕೆಳಗೆ ಧುಮುಕಿ ಅಟ್ಟಿಸಿಕೊಂಡು ಹೋದವನಿಗೆ ಸಿಗುವುದು ಬಾಲದ ಚಿತ್ರ. ಫ್ರೀಡೈವಿಂಗ್ ತರಬೇತಿ ಇಲ್ಲಿ ಆಳಕ್ಕಿಂತ ಹೆಚ್ಚಾಗಿ ನೀರಿನಲ್ಲಿ ಸದ್ದಿಲ್ಲದೆ, ಗಾಬರಿಯಿಲ್ಲದೆ ಇರುವುದನ್ನು ಕಲಿಸುತ್ತದೆ. ಮೊದಲ ಹಂತದ ಪ್ರಮಾಣಪತ್ರ, ಎಂದರೆ ಐಡಾ, ಎಸ್‌ಎಸ್‌ಐ, ಪ್ಯಾಡಿ, ಮೊಲ್ಚಾನೊವ್ಸ್ ಯಾವುದಾದರೂ ಸಂಸ್ಥೆಯ ಆರಂಭಿಕ ಕೋರ್ಸು, ಧಾರಾಳವಾಗಿ ಸಾಕು. ಅವುಗಳಲ್ಲಿ ಹತ್ತರಿಂದ ಇಪ್ಪತ್ತು ಮೀಟರ್ ಆಳದವರೆಗೆ ಕಲಿಸುತ್ತಾರೆ.

ಎಲ್ಲಿ ಕಲಿಯಬೇಕು? ಬಸವನಗುಡಿಯ ಈಜುಕೊಳದಲ್ಲೋ ಅಪಾರ್ಟ್‌ಮೆಂಟಿನ ಕೊಳದಲ್ಲೋ ಫಿನ್ಸ್ ಹಾಕಿ ಈಜುವ ದಮ್ಮು ಬೆಳೆಸಿಕೊಳ್ಳಬಹುದು. ಆದರೆ ಒಬ್ಬರೇ ಉಸಿರು ಕಟ್ಟಿ ಅಭ್ಯಾಸ ಮಾಡುವುದು ಬೇಡವೇ ಬೇಡ. ಮುಳುಗುವ ಮುನ್ನ ಜೋರಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಎಚ್ಚರಿಕೆಯೇ ಮಾಯವಾಗುತ್ತದೆ. ಆಮ್ಲಜನಕ ಮುಗಿದಾಗ ಸೂಚನೆಯಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಸಮುದ್ರದಲ್ಲಿ ಇನ್ನೊಂದು ತೊಡಕು: ಹತ್ತು ಮೀಟರ್ ಕೆಳಗೆ ಒತ್ತಡ ದುಪ್ಪಟ್ಟು, ಆದ್ದರಿಂದ ಅಲ್ಲಿ ಆರಾಮ ಎನಿಸುತ್ತದೆ. ಮೇಲೆ ಬರುವಾಗ ಒತ್ತಡ ಇಳಿದಂತೆ ಶ್ವಾಸಕೋಶದ ಆಮ್ಲಜನಕದ ಒತ್ತಡವೂ ಕುಸಿದು, ದಡ ಮುಟ್ಟಿದೆ ಎನ್ನುವ ಕೊನೆಯ ಕೆಲವು ಮೀಟರುಗಳಲ್ಲೇ ಮೂರ್ಛೆ ಬರುತ್ತದೆ. ಅದಕ್ಕೇ ಒಬ್ಬರು ಕೆಳಗೆ, ಒಬ್ಬರು ಮೇಲೆ ಎಂಬ ನಿಯಮ. ತಿಮಿಂಗಿಲದ ಪ್ರವಾಸಗಳಲ್ಲಿ ಇದನ್ನು ಮರೆಯುವವರೇ ಹೆಚ್ಚು, ಏಕೆಂದರೆ ಮೇಲಿರುವ ಜೊತೆಗಾರನ ಕಣ್ಣೂ ಕ್ಯಾಮೆರಾದ ಪರದೆಯ ಮೇಲೇ ಇರುತ್ತದೆ. ಗುಂಪಿನಲ್ಲಿ ಯಾರು ಯಾರ ಜೊತೆ ಎಂದು ಮೊದಲ ದಿನವೇ ಗೊತ್ತು ಮಾಡುವ ಆಯೋಜಕನಿಗೆ ನಾನು ಎರಡು ಅಂಕ ಹೆಚ್ಚು ಕೊಡುತ್ತೇನೆ.

ಕೋರ್ಸಿಗೆ ಬಾಲಿ ನನ್ನ ಮೊದಲ ಆಯ್ಕೆ. ಬೆಂಗಳೂರಿನಿಂದ ನೇರ ವಿಮಾನ ಇದೆ, ಅಮೆಡ್‌ನಲ್ಲಿ ದಡದಿಂದಲೇ ಆಳ ಸಿಗುತ್ತದೆ, ಶಾಲೆಗಳು ಹಲವು. ಅಂಡಮಾನಿನ ಸ್ವರಾಜ್ ದ್ವೀಪ ಎರಡನೆಯದು. ಪಾಸ್‌ಪೋರ್ಟಿನ ತಲೆಬಿಸಿ ಇಲ್ಲ. ನಮ್ಮ ನೇತ್ರಾಣಿ ಸ್ಕೂಬಾಕ್ಕೆ ಪ್ರಸಿದ್ಧ. ಮುಂಗಾರಿನಲ್ಲಿ ಅಲ್ಲಿ ಸಮುದ್ರವೇ ಮುಚ್ಚಿರುತ್ತದೆ. ನೀರಿನ ಅಂಜಿಕೆ ಬಿಡಿಸಿಕೊಳ್ಳಲು ಹೋಗಿ, ಕೋರ್ಸಿಗೆ ಬೇಡ.

ಬೆಂಗಳೂರಿನವರಿಗೆ ವಿಶೇಷವಾಗಿ ಹೇಳಬೇಕಾದ್ದು ಮೂಗಿನ ವಿಷಯ. ಧೂಳು, ಪರಾಗ, ಜುಲೈನ ತಣ್ಣನೆಯ ಗಾಳಿ ಸೇರಿ ಇಲ್ಲಿ ಸೈನಸ್ ತೊಂದರೆ ಇಲ್ಲದ ಮನೆ ಸಿಗುವುದು ಕಷ್ಟ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಹೋಗುವುದಿಲ್ಲ, ಎರಡು ಮೀಟರ್ ಕೂಡ ಇಳಿಯಲಾಗುವುದಿಲ್ಲ. ಬಲವಂತ ಮಾಡಿದರೆ ಕಿವಿಯ ತಮಟೆ ಹರಿಯಬಹುದು. ದುಡ್ಡು ಕಟ್ಟುವ ಮೊದಲೇ ಕಿವಿ-ಮೂಗು-ಗಂಟಲು ವೈದ್ಯರನ್ನು ನೋಡಿ. ವಾಂತಿ ತಡೆಯುವ ಅವೋಮಿನ್‌ನಂಥ ಮಾತ್ರೆ ಮಂಪರು ತರುತ್ತದೆ. ಉಸಿರು ಕಟ್ಟುವ ದಿನ ಅದನ್ನು ನುಂಗಬಹುದೇ ಎಂದೂ ಅದೇ ಭೇಟಿಯಲ್ಲಿ ಕೇಳಿಕೊಳ್ಳಿ.

ಕ್ಯಾಮೆರಾ

ಗೋಪ್ರೋದಂಥ ಆಕ್ಷನ್ ಕ್ಯಾಮೆರಾ ಹಗುರ, ವಿಡಿಯೊಗೆ ಚೆನ್ನ, ಆದರೆ ಅಷ್ಟು ಅಗಲದ ಲೆನ್ಸಿನಲ್ಲಿ ಹತ್ತು ಮೀಟರ್ ದೂರದ ತಿಮಿಂಗಿಲ ಮೀನಿನಷ್ಟು ಕಾಣುತ್ತದೆ. ಒಲಿಂಪಸ್ ಟಿಜಿ-6ರಂಥ ಪುಟ್ಟ ಕ್ಯಾಮೆರಾ ಹೌಸಿಂಗ್ (ನೀರು ಒಳಬಿಡದ ಹೊರಕವಚ) ಇಲ್ಲದೆಯೇ 15 ಮೀಟರ್‌ವರೆಗೆ ನೀರು ತಡೆಯುತ್ತದೆ, ಜೇಬಿಗೂ ಹಗುರ. ಅಗಲದ ಲೆನ್ಸ್ ಜೋಡಿಸಿಕೊಂಡರೆ ಮೊದಲ ಪ್ರವಾಸಕ್ಕೆ ಇದೇ ಸಾಕೆಂಬುದು ನನ್ನ ಅಭಿಪ್ರಾಯ. ಮೂರನೆಯದು ದೊಡ್ಡ ಕ್ಯಾಮೆರಾ, ಹೌಸಿಂಗ್, ಲೆನ್ಸಿನ ಮುಂದೆ ಕೂರುವ ಗಾಜಿನ ಅಥವಾ ಅಕ್ರಿಲಿಕ್ ಡೋಮ್ (ಅರ್ಧಗೋಳ), ಫಿಶ್‌ಐ ಅಥವಾ 16-35 ಮಿ.ಮೀ. ಲೆನ್ಸ್. ಚಿತ್ರದ ಗುಣದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ನೀರಿನಲ್ಲಿ ಎಳೆತ ವಿಪರೀತ. ಎರಡೂ ಕೈ ಹಿಡಿದಿರುವಾಗ ಮೂಗು ಹಿಂಡಿ ಕಿವಿ ಬಿಡಿಸಿಕೊಳ್ಳುವುದು ಹೇಗೆ ಎಂಬುದು ಮೊದಲ ಸಲ ಇಳಿದಾಗಲೇ ಹೊಳೆಯುತ್ತದೆ. ಒಂದು ಕೈಯಲ್ಲಿ ಹೌಸಿಂಗ್ ಹಿಡಿದು ಇಳಿಯುವುದನ್ನು ಊರಿನ ಕೊಳದಲ್ಲಿ ಮಾಡಿ ನೋಡದೆ ಅದನ್ನು ಪೆಸಿಫಿಕ್‌ಗೆ ಒಯ್ಯಬೇಡಿ. ಬೆಂಗಳೂರಿನಲ್ಲಿ ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಸುಲಭವಾಗಿ ಸಿಗುತ್ತವೆ. ನಿಮ್ಮ ಮಾಡೆಲ್‌ಗೆ ಸರಿಯಾಗಿ ಕೂರುವ ಹೌಸಿಂಗ್ ಹುಡುಕುವುದೇ ಕಷ್ಟ. ಆದ್ದರಿಂದ ಮೊದಲು ಹೌಸಿಂಗ್ ಗೊತ್ತು ಮಾಡಿಕೊಂಡು ಆಮೇಲೆ ಕ್ಯಾಮೆರಾ ಆರಿಸಿ.

ಫ್ಲಾಶ್ ಮನೆಯಲ್ಲೇ ಬಿಡಿ. ಇಷ್ಟು ದೊಡ್ಡ ಪ್ರಾಣಿಗೆ ಅದರ ಬೆಳಕು ಸಾಲದು, ನೀರಿನ ಕಣಗಳು ಮಾತ್ರ ಬೆಳಗುತ್ತವೆ. ಸೂರ್ಯ ಬೆನ್ನ ಹಿಂದೆ ಇರಲಿ, ಶಟರ್ 1/500ರ ಆಸುಪಾಸು, ಅಪರ್ಚರ್ ಎಫ್8, ಐಎಸ್ಒ ಆಟೋ. ಇಷ್ಟು ಹೊಂದಿಸಿದ ಮೇಲೆ ಗುಂಡಿಗಳನ್ನು ಮುಟ್ಟಬೇಡಿ. ಮರಿ ಎದುರಿಗೆ ಬಂದಾಗ ಮೆನು ಹುಡುಕುತ್ತಿದ್ದವರ ಕಥೆಗಳಿಗೆ ಕೊನೆಯಿಲ್ಲ.

ಹೊರಡುವಾಗ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕ್ಯಾಮೆರಾ, ಲೆನ್ಸ್‌ಗಳ ಸರಣಿ ಸಂಖ್ಯೆ ಬರೆಸಿ ರಫ್ತು ಪ್ರಮಾಣಪತ್ರ ಪಡೆದುಕೊಳ್ಳಿ. ವಾಪಸಾಗುವಾಗ ಹೊಸದಾಗಿ ಕೊಂಡು ತಂದದ್ದೆಂದು ಸುಂಕ ಕೇಳಿದರೆ ತೋರಿಸಲು ಬೇಕು. ಡ್ರೋನ್ ಒಯ್ಯುವ ಯೋಚನೆ ಬಿಡಿ. 2022ರಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ, ವಾಪಸು ತರುವಾಗಿನ ವಾದವಿವಾದ ಯಾರಿಗೂ ಬೇಡ.

ದಾರಿ, ವೀಸಾ, ತಿಂಗಳು

ಟೋಂಗಾಕ್ಕೆ ಸಿಡ್ನಿ, ಆಕ್ಲೆಂಡ್ ಅಥವಾ ಫಿಜಿಯ ನಾಡಿ ಮೂಲಕ ಹೋಗಬೇಕು. ಭಾರತದ ಪಾಸ್‌ಪೋರ್ಟಿಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡರಲ್ಲೂ ವಿಮಾನ ಬದಲಿಸಲೂ ವೀಸಾ ಬೇಕು. ಫಿಜಿಗೆ ಮುಂಚಿತ ವೀಸಾ ಬೇಡ. ಫ್ರೆಂಚ್ ಪಾಲಿನೇಷ್ಯಕ್ಕೆ ಮಾಮೂಲಿ ಷೆಂಗೆನ್ ಮುದ್ರೆಯನ್ನೇ ನಂಬಿ ಹೊರಡಬೇಡಿ, ಆ ಪ್ರದೇಶಕ್ಕೆ ಅನ್ವಯಿಸುವ ವೀಸಾ ಎಂದು ಫ್ರಾನ್ಸ್‌ನ ಅರ್ಜಿಯಲ್ಲೇ ಕೇಳಬೇಕು. ಇಲ್ಲಿಯ ಸಂಸ್ಥೆಯಿಂದ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮಾರುವವರೇ ಮೂಲದಲ್ಲಿ ಸಂಗ್ರಹಿಸುವ ತೆರಿಗೆ) ಕಟ್ಟಬೇಕಾಗುತ್ತದೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ ಆ ಕ್ಷಣಕ್ಕೆ ಕೈಯಿಂದ ಹೋಗುವ ದುಡ್ಡು ಅದು. ವಿಮೆಯಲ್ಲಿ ಫ್ರೀಡೈವಿಂಗ್ ಸೇರಿದೆಯೇ ಎಂದು ಓದಿ ನೋಡಿ, ಸಾಮಾನ್ಯ ಪ್ರವಾಸ ವಿಮೆಗಳು ಸಾಹಸ ಕ್ರೀಡೆಯನ್ನು ಹೊರಗಿಡುವುದೇ ಹೆಚ್ಚು. ಸಸ್ಯಾಹಾರಿಗಳಿಗೆ ಟೋಂಗಾದಲ್ಲಿ ಗೆಣಸು, ಕೆಸವಿನ ಗೆಡ್ಡೆ, ತೆಂಗಿನಕಾಯಿ ಧಾರಾಳ, ಬೇರೆ ಆಯ್ಕೆ ಕಡಿಮೆ. ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಳ್ಳಿ, ಆದರೆ ಸಿಡ್ನಿ ಅಥವಾ ಆಕ್ಲೆಂಡ್‌ನಲ್ಲಿ ಹೊರಗೆ ಬರುವುದಿದ್ದರೆ ಫಾರಂನಲ್ಲಿ ಎಲ್ಲವನ್ನೂ ಘೋಷಿಸಿ. ತುಪ್ಪದ ಡಬ್ಬಿಗಾಗಿ ದಂಡ ಕಟ್ಟುವುದು ಬೇಡ.

ತಿಂಗಳನ್ನು ಆರಿಸುವುದು ಬೇಕಾದ ಚಿತ್ರದ ಮೇಲೆ. ಟೋಂಗಾದಲ್ಲಿ ಜುಲೈ, ಆಗಸ್ಟ್ ಮೊದಲಾರ್ಧದಲ್ಲಿ ಗಂಡುಗಳ ಓಟ, ಹಾಡು ಹೆಚ್ಚು; ಮರಿಗಳು ಇನ್ನೂ ಎಳೆಯವು, ತಾಯಂದಿರು ಹತ್ತಿರ ಬಿಡುವುದು ಕಡಿಮೆ. ಸೆಪ್ಟೆಂಬರ್‌ನಲ್ಲಿ ಮರಿಗಳು ಬಲಿತು ಕುತೂಹಲ ಹೆಚ್ಚುತ್ತದೆ, ಬೆಳಕೂ ಚೆನ್ನಾಗಿರುತ್ತದೆ. ಫೋಟೊಗೆಂದೇ ಹೋಗುವವರಿಗೆ ನಾನು ಹೇಳುವುದು ಸೆಪ್ಟೆಂಬರ್‌ನ ಎರಡನೇ ವಾರದಿಂದ ತಿಂಗಳ ಕೊನೆಯವರೆಗೆ. ಗೌರಿ-ಗಣೇಶ ಕೆಲವು ವರ್ಷ ಇದರೊಳಗೇ ಬೀಳುತ್ತದೆ, ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ನಾಲ್ವರ ದೋಣಿಗಳ ಸೆಪ್ಟೆಂಬರ್ ವಾರಗಳು ಹಿಂದಿನ ವರ್ಷವೇ ಮಾರಾಟವಾಗುವುದು ಸಾಮಾನ್ಯ. ಸಿಗದಿದ್ದರೆ ಎಂಟು ಜನರ ದೋಣಿಗೆ ಇಳಿಯುವುದಕ್ಕಿಂತ, ಉಳಿದ ಮೂವರನ್ನು ನೀವೇ ಹೊಂದಿಸಿಕೊಂಡು ಅಕ್ಟೋಬರ್ ಮೊದಲ ವಾರಕ್ಕೆ ಸಣ್ಣ ದೋಣಿಯೊಂದನ್ನು ಇಡಿಯಾಗಿ ಬಾಡಿಗೆಗೆ ಕೇಳಿ. ಆ ಹೊತ್ತಿಗೆ ತಿಮಿಂಗಿಲಗಳ ಸಂಖ್ಯೆ ಇಳಿಯತೊಡಗಿದ್ದರೂ ದೋಣಿಗಳ ಸಂಖ್ಯೆ ಅದಕ್ಕಿಂತ ಬೇಗ ಇಳಿದಿರುತ್ತದೆ.